ಗಾಳಿ ಮುಟ್ಟದ ನೀರು

ನುಗ್ಗೇಹಳ್ಳಿ ದಾಟಿ ಗಣಿಯ ಕಚ್ಚಾ ರಸ್ತೆಗೆ ತಿರುಗಿದರೆ
ಬಿಟ್ಟುಹೋದ ಮೂರನೇ ಕೊಳವೆ.
ಕ್ರೋಮೈಟ್ ಹುಡುಕಿ ಕೊರೆದದ್ದು, ಸಿಗದೆ ಮರೆತದ್ದು.
ಅದರ ಬಾಯಿಗೆ ಹೊದಿಸಿದ ತಗಡಿಗೆ ನಾನೇ ಕಾವಲು,
ಪಂಪಿನ ಲಕ್ಕಯ್ಯ. ಇಪ್ಪತ್ತಾರು ವರ್ಷ.

ಸಫೂರಾ ಮೇಡಂ ಬಂದದ್ದು ಒಂದು ಶನಿವಾರ,
ಅರಸೀಕೆರೆಯ ರೈಲ್ವೆ ಗಾರ್ಡರ ಮಗಳು.
ಡಿಕ್ಕಿ ತುಂಬ ಬಾಟಲಿ, ಸ್ಪಿರಿಟ್ಟು, ಬೆಂಕಿಪೊಟ್ಟಣ.
ಯಾರಿಗೆ ಪೂಜೆ ಮೇಡಂ, ಅಂದೆ.
ಶನಿಗೆ, ಅಂದರು, ನಗದೆ.

ಶನಿಗೆ ನಮ್ಮ ಹೋಬಳಿಯ ಹಳ್ಳಿಗಳಿಗಿಂತ ಹೆಚ್ಚು ಚಂದ್ರರಂತೆ.
ಅದರಲ್ಲೊಂದಕ್ಕೆ ಮೈಯೆಲ್ಲ ಹಿಮದ ಗಟ್ಟಿ,
ಒಳಗೆ ಕತ್ತಲ ಕಡಲು,
ಬಿರುಕಿನಿಂದ ಚಿಲುಮೆ ಚಿಮ್ಮಿ
ನೀರು ಆಕಾಶಕ್ಕೇ ಚೆಲ್ಲುತ್ತದಂತೆ.
ತಳದಲ್ಲಿ ಕಲ್ಲು ನೀರು ಕುಡಿಯುತ್ತಿರಬಹುದು,
ಕುಡಿದ ಕಲ್ಲು ಬೆಚ್ಚಗಾಗಿ ಹೈಡ್ರೋಜನ್ ಉಸಿರು ಬಿಟ್ಟು,
ಆ ಉಸಿರನ್ನೇ ಉಂಡು ಏನಾದರೂ,
ಕಣ್ಣಿಲ್ಲದ್ದು, ಬಾಯಿಲ್ಲದ್ದು, ಯಾರೂ ಹೆಸರಿಡದ್ದು,
ಬದುಕಿರಬಹುದು.
ಬಹುದು, ಅಂದರು. ಎರಡು ಸಲ.

ಅಂಥ ಕಲ್ಲು ನಮ್ಮ ಕಾಲಡಿಗೇ ಇದೆಯಂತೆ,
ಹಾವಿನ ಬೆನ್ನಿನಂಥ ಹಸಿರು ಕಲ್ಲು.
ಅದರ ಮೆತ್ತನೆ ತಮ್ಮನೇ ಬಳಪ.
ನಾನು ಅ ತಿದ್ದಿದ್ದು, ಹಸಿವಾದಾಗ ತಿಂದದ್ದು,
ಮೇಷ್ಟ್ರು ನನ್ನತ್ತ ಎಸೆದದ್ದು,
ಕೈಗೆ ಕೊಡದೆ.

ಹಗ್ಗ ಇಳಿಸಿದೆ. ಐದು ಮೀಟರಿಗೊಂದು ಗಂಟು,
ಮೂವತ್ತಾರು ಗಂಟು.
ಬಾಯಿ ಮರೆತರೂ ಅಂಗೈ ಎಣಿಸುತ್ತದೆ.
ಗಾಳಿ ಮುಟ್ಟದ ನೀರು ತುಂಬಿ
ಬಾಟಲಿ ಮೇಲೆ ಬಂತು. ಹಿಡಿಯಲು ಕೈ ಚಾಚಿದೆ.

"ಮುಟ್ಟಬೇಡಿ!"

ಚಾಚಿದ ಕೈ ಅಲ್ಲೇ ನಿಂತಿತು.
ಕಿವಿಗೆ ಹೊಸ ಮಾತಲ್ಲ.
ಅವ್ವ ಊರಬಾವಿಯ ಕಟ್ಟೆಗೆ ಹತ್ತು ಮಾರು ದೂರ
ಯಾರಾದರೂ ಹುಯ್ಯಲಿ ಎಂದು ಕೊಡ ಹಿಡಿದು ಕಾದ ಬಿಸಿಲು
ರಾತ್ರಿ ಎಂಟು ಗಂಟೆಗೆ ನನ್ನ ನೆತ್ತಿಗೇರಿತು.

ಮೇಡಂ ಟಾರ್ಚು ತಮ್ಮತ್ತ ತಿರುಗಿಸಿ ಕೈ ತೋರಿಸಿದರು.
ಒಂದರ ಮೇಲೊಂದು ಗವಸು.
"ನಂದೂ ಮುಟ್ಟಬಾರದು ಲಕ್ಕಯ್ಯ.
ಕೈ ಅಂದರೆ ಜೀವ, ಕೋಟಿ ಕೋಟಿ.
ನಮ್ಮದೇ ಒಂದು ಉದುರಿ ಒಳಗೆ ಬಿದ್ದರೆ
ಪಾತಾಳದಲ್ಲಿ ಯಾರೋ ಸಿಕ್ಕರು ಅಂತ ಕುಣಿದುಬಿಡ್ತೀನಿ,
ಕುಣಿದದ್ದು ನನ್ನ ನೆರಳಿನ ಮುಂದೆ."

ಆಮೇಲೆ ಹತ್ತಿ ಕಡ್ಡಿಯಲ್ಲಿ ನನ್ನ ಅಂಗೈ ಉಜ್ಜಿ
ಚೀಟಿ ಬರೆದು ಅಂಟಿಸಿದರು: ಲಕ್ಕಯ್ಯ, ಬಲಗೈ.
ನಕ್ಕುಬಿಟ್ಟೆ. ಯಾಕೆ, ಅಂದರು.
ಜಾತಿಗಣತಿಯವರೂ ಇದನ್ನೇ ಕೇಳಿ ಬರೆದುಕೊಂಡರು ಮೇಡಂ,
ಬಲವೋ, ಎಡವೋ.
ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.
ಎಡಗೈದೂ ಕೊಡಿ, ಅಂದರು. ಗವಸು ಕಿತ್ತು
ತಮ್ಮವೆರಡನ್ನೂ ಉಜ್ಜಿಕೊಂಡರು.

ಫ್ಲಾಸ್ಕಿನ ಟೀ ಕುಡಿಯುತ್ತ ಹೇಳಿದರು,
ಶನಿಯನ್ನು ಹದಿಮೂರು ವರ್ಷ ಸುತ್ತಿದ ನೌಕೆಯೊಂದು
ಇಂಧನ ಮುಗಿಯುವ ಹೊತ್ತಿಗೆ
ಆ ಚಂದ್ರನ ಮೇಲೆ ಬಿದ್ದೀತು,
ಬಿದ್ದು ಅಲ್ಲಿಗೆ ನಮ್ಮ ಮೈಲಿಗೆ ತಗುಲೀತು ಎಂದು
ಅದನ್ನು ಶನಿಯೊಳಗೇ ಇಳಿಸಿ ಸುಟ್ಟರಂತೆ.
ಮೈಲಿಗೆ ಅಂದದ್ದು ನಾನು.
ಅವರು ಬೇರೆ ಪದ ಹುಡುಕಿ, ಸಿಗದೆ, ತಲೆಯಾಡಿಸಿದರು.

ಇಡೀ ಭೂಮಿಗೇ ಇದೆಯಂತೆ ಹಾಗಾದರೆ.
ಬಳಪ ಎಸೆದ ಕೈಗೂ.

ನಾಲ್ಕು ತಿಂಗಳಿಗೆ ಫೋನು ಬಂತು.
ಎರಡು ಬಾಟಲಿಯಲ್ಲಿ ಏನೂ ಇಲ್ಲ, ಬರೀ ನೀರು,
ಸೋಪಿನ ಹಾಗೆ ಜಾರುವ ನೀರು.
ಮೂರನೆಯದರಲ್ಲಿ ಜೀವ ಇತ್ತು.
ಎದೆ ಝಲ್ಲೆಂದಿತು. ನಂದಾ ಮೇಡಂ, ಅಂದೆ.
"ಅಲ್ಲ ಲಕ್ಕಯ್ಯ, ನಂದು. ಎಡಗೈ."
ಆ ಕಡೆ ನಗು, ಅಳುವಿನ ಪಕ್ಕದ ಮನೆಯದು.

ಬರುವ ಶನಿವಾರ ಮತ್ತೆ ಬರುತ್ತಾರೆ.
ಕೊಳವೆ ಇನ್ನೂ ಆಳವಿದೆ, ನಮ್ಮ ಹಗ್ಗವೇ ಗಿಡ್ಡ.
ತಗಡು ಸರಿಸಿ ಕಿವಿಯಿಟ್ಟರೆ ಒಮ್ಮೊಮ್ಮೆ ಗುಳುಕ್ ಅನ್ನುತ್ತದೆ.
ಗಾಳಿಗುಳ್ಳೆ ಇರಬಹುದು.
ಕಲ್ಲಿನ ಉಸಿರಿರಬಹುದು.
ಮೂವತ್ತೇಳನೇ ಗಂಟು ಬಿಗಿದೆ.
ಮೂವತ್ತೆಂಟು.