ಸರ್ಕಾರದ ಹೆಗಲು

ಹುಣಸೆಬೀಜಕ್ಕೆ ಬೆಲೆ ಬಂದ ವರ್ಷ ಅದು.
ಅದಕ್ಕೂ ಮುಂಚೆ ಬೀಜ ಒಡೆದು ಚೌಕಾಬಾರ ಆಡಿ
ಸಂಜೆಗೆ ತಿಪ್ಪೆಗೆ ಎಸೆಯುತ್ತಿದ್ದೆವು.
ಈಗ ಸೇರಿಗೆ ಒಂದಾಣೆ.
ಹಾಸುನೂಲಿಗೆ ಗಂಜಿ ಬೇಕು, ಗಂಜಿಗೆ ಬೀಜ ಬೇಕು,
ಬೀಜ ಬೇಕಾದವರು ಎಲ್ಲೋ
ಬರ್ಮಾ ಗಡಿಯ ಗುಡ್ಡಗಳಲ್ಲಿ
ಚಳಿಗೆ ನಡುಗುತ್ತಿದ್ದರಂತೆ.

ದಾವಣಗೆರೆಯ ಹಂಪಣ್ಣ ಸಾವಕಾರರು
ಬಾಡಿಗೆ ಮೋಟಾರಿನಲ್ಲಿ ಚಳ್ಳಕೆರೆ ದಾಟಿ ಬಂದು
ಗುಡ್ಡಜ್ಜನ ಕುಣಿಮಗ್ಗದ ಪಕ್ಕ ಕುಕ್ಕರುಗಾಲಲ್ಲಿ ಕೂತರು.
ನಮ್ಮ ಹಟ್ಟಿಯಲ್ಲಿ ಅವರು ಕೂತದ್ದು ಅದೇ ಮೊದಲು.
"ತಿಂಗಳಿಗೆ ಎಷ್ಟು ಕಂಬಳಿ ನೇಯ್ತೀಯ?"
"ಮೈ ನೋಡಿ ನೇಯೋದು ಸ್ವಾಮಿ. ಯಾರಿಗೆ ಅಂತ ಹೇಳಿ."
"ಸರ್ಕಾರಕ್ಕೆ."
ಗುಡ್ಡಜ್ಜ ಬಹಳ ಹೊತ್ತು ಯೋಚಿಸಿದ,
ಸರ್ಕಾರದ ಹೆಗಲು ಎಷ್ಟು ಅಗಲವೆಂದು.

ಕಬ್ಬಿಣದ ಗಜಕೋಲೊಂದು ಕೊಟ್ಟು ಹೋದರು.
ಕೆಂಪು ಅಂಚು ಬೇಡ. ತೂಕ ಇಷ್ಟೇ, ಉದ್ದ ಇಷ್ಟೇ.
ಹಟ್ಟಿಯಲ್ಲಿ ಅಂಕಿ ಬಲ್ಲವ ನಾನೊಬ್ಬ, ನಾಲ್ಕನೇ ಕ್ಲಾಸು;
ಮರದ ಮೊಹರು ನನ್ನ ಪಾಲಿಗೆ ಬಂತು,
ಕರೀ ಕಂಬಳಿಯ ಮೂಲೆಗೆ ಬಿಳೀ ನಂಬರು,
ದಿನಕ್ಕೆ ಎರಡಾಣೆ.

ಕುರಿಗಳಿಗೆ ವರ್ಷಕ್ಕೆರಡಿದ್ದ ಕತ್ತರಿ ಮೂರಾಯಿತು.
ಮೂರನೇ ಸಲ ಅವು ನಮ್ಮ ಮುಖವನ್ನೇ ನೋಡುತ್ತಿದ್ದವು.
ನೂಲುವ ಕೈ ಸಾಲದೆ ಬಂದರು ಬೇರೆ ಕೇರಿಯ ಹೆಂಗಸರು,
ನಾವು ನೀರು ಕೊಡದವರು, ನಮಗೆ ನೀರು ಕೊಡದವರು,
ಒಂದೇ ಜಗುಲಿಯ ಮೇಲೆ ಕದಿರು ತಿರುಗಿಸಿದರು.
(ನೀರು ಆಗಲೂ ಬೇರೆ ಬೇರೆ ಕೊಡದಲ್ಲೇ.)
ಬಡ್ಡಿಯ ವೀರಭದ್ರಪ್ಪ ಅಂಗಡಿಯಿಂದ ಎದ್ದು ಬಂದು
"ಉಣ್ಣೆ ಇದೆಯಾ?" ಎಂದು ನಮ್ಮನ್ನೇ ಕೇಳಿದ.

ಶನಿವಾರ ಸಂಜೆ ನೋಟು ಅವ್ವನ ಅಂಗೈಗೇ,
ಅಪ್ಪನ ಕೈಗಲ್ಲ.
ರಾಜನ ತಲೆಯನ್ನು ಉಲ್ಟಾ ಹಿಡಿದು ನೋಡಿ
ಸೆರಗಿನ ತುದಿಗೆ ಗಂಟು ಹಾಕಿದಳು.
ನೋಟಿತ್ತು, ಸೀಮೆಎಣ್ಣೆ ಇರಲಿಲ್ಲ.
ನೋಟಿತ್ತು, ಜೋಳವೆಲ್ಲ ಲೆವಿಗೆ ಹೋಗಿತ್ತು.
ಕತ್ತಲಲ್ಲಿ ದುಡ್ಡು ಎಣಿಸುವುದನ್ನು
ನಮ್ಮ ಹಟ್ಟಿ ಕಲಿತದ್ದು ಹಾಗೆ.

ಚಿಕ್ಕಬೀರ ಮಾವ ಪಟಾಲಮ್ಮಿಗೆ ಸೇರಿ ಎರಡು ವರ್ಷ.
ಒಂದು ರಾತ್ರಿ ಕೇಳಿದೆ, "ಯುದ್ಧ ಯಾವಾಗ ಮುಗೀತದವ್ವಾ?"
ಹಿತ್ತಲ ಗೋಡೆಗಿನ್ನೂ ಮೂರು ವರಸೆ ಕಲ್ಲು ಏರಬೇಕಿತ್ತು.
ಅವಳು ಗೋಡೆಯ ಕಡೆ ನೋಡಿದಳು.
"ಮುಗೀಲಿ. ಹೆಂಚು ಒಂದು ಹೊದಿಸಿಬಿಡಾನ ಮೊದಲು."
ಅಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.
ತಮ್ಮನ ಪಾಲಿನ ಕದಿರು ಆ ರಾತ್ರಿಯೆಲ್ಲ ತಿರುಗಿತು.

ಕಂಬಳಿ ಮೇಲೆ ಕೂತು ಉಣ್ಣುವವನು
ಕೂದಲು ಎಣಿಸಬಾರದು ಅನ್ನುತ್ತಾರೆ.
ನನಗೆ ಎಣಿಸುವುದೇ ಕೆಲಸ.
ನಾಲ್ಕು ಸಾವಿರದ ಇನ್ನೂರ ಹನ್ನೊಂದು ಒತ್ತಿದ ದಿನ
ಒಂದು ಕಾರ್ಡು ಬಂತು: ಇನ್ನು ಸಾಕು.
ಗಾಡಿಗೆ ಹೇರಿದ್ದನ್ನು ದುರ್ಗದ ಸ್ಟೇಷನ್ನಿನಿಂದ
ವಾಪಸು ತಂದು ಇಳಿಸಿದರು.
ಆ ಚಳಿಗಾಲ ಹಟ್ಟಿಗೆ ಹಟ್ಟಿಯೇ
ಬೆನ್ನ ಮೇಲೆ ನನ್ನ ಅಂಕಿ ಹೊತ್ತು ತಿರುಗಿತು.
ದಾವಣಗೆರೆಯಲ್ಲಿ ಹಂಪಣ್ಣನವರ ಹೊಸ ಮಿಲ್ಲಿನ ಚಿಮಣಿ
ಹೊಗೆ ಬಿಡತೊಡಗಿತು;
ನನ್ನಣ್ಣ ಅಲ್ಲಿಗೆ ಸೈರನ್ನಿಗೆ ಏಳುವವನಾಗಿ ಹೋದ.

ಮಾವ ಬಂದ. ಹೆಗಲ ಮೇಲೆ ತೆಳ್ಳಗಿನ
ಬೂದು ಬಣ್ಣದ ಯಾವುದೋ ಸೀಮೆಯ ಕಂಬಳಿ.
"ನಮ್ಮವು ಸಿಗಲಿಲ್ಲವಾ?" ಗುಡ್ಡಜ್ಜ ಕೇಳಿದ.
"ಕಂಡೆನಜ್ಜಾ. ನಂಬರೂ ಕಂಡೆ.
ಹೇಸರಗತ್ತೆಗಳಿಗೆ ಹೊದಿಸ್ತಿದ್ರು.
ಬೆಚ್ಚಗಿದ್ವು ಪಾಪ."
ಅಜ್ಜ ಕುಣಿಯೊಳಗೆ ಕಾಲಿಳಿಬಿಟ್ಟು ಕೂತೇ ಇದ್ದ.
"ಮೊದಲೇ ಹೇಳಿದ್ರೆ," ಅಂದ,
"ಅವುಗಳ ಮೈ ನೋಡಿ ನೇಯ್ತಿದ್ದೆ."

ಹುಣಸೆಬೀಜ ಮತ್ತೆ ತಿಪ್ಪೆ ಸೇರಿತು.
ಹೆಂಚಿನ ಮನೆ ನಿಂತಿದೆ, ಈಗಲೂ ಸೋರುವುದಿಲ್ಲ.
ಅವ್ವ ಮಾತ್ರ ಒಂದು ಗುಡಾಣ ತುಂಬ ಬೀಜ
ಅಟ್ಟದ ಮೇಲೆ ಬಾಯಿ ಕಟ್ಟಿ ಇಟ್ಟಿದ್ದಳು,
ಸಾಯುವ ತನಕ.
ಯಾಕೆಂದು ನಾನು ಕೇಳಲಿಲ್ಲ.