ಐದನೆಯ ಒಂದು

ಬ್ಯೂಟ್ ಊರಿನ ಬೇಸ್‌ಬಾಲ್ ಬಯಲು, ಎಡಗಡೆಯ ಬೇಲಿ,
ಅಲ್ಲಿ ಹಸಿರು ಬಳಿದ ತಗಡಿನ ಸ್ಕೋರ್‌ಬೋರ್ಡು.
ಅದರ ಹೊಟ್ಟೆಯೊಳಗೆ ನಾನು, ಹನ್ನೊಂದು ಬೇಸಿಗೆಯಿಂದ.
ಒಂದು ಏಣಿ, ಒಂದು ಮುಕ್ಕಾಲಿ, ಮೊಳೆಗೆ ನೇತುಹಾಕಿದ ಕೋಟು,
ಮೂಲೆಯಲ್ಲಿ ಕಣಜದ ಗೂಡು.
ಅವಕ್ಕೂ ನನಗೂ ಮಾತಿಲ್ಲ, ಜಗಳವೂ ಇಲ್ಲ.

ಹೊರಗಿನವರಿಗೆ ಇಡೀ ಬಯಲು.
ನನಗೆ ಅಂಕಿ ಸಿಕ್ಕಿಸುವ ಹದಿನೆಂಟು ಕಿಂಡಿ,
ಒಂದೊಂದೇ ಮುಚ್ಚುತ್ತ ಹೋದಂತೆ ಆಟ ಸಣ್ಣದಾಗುತ್ತದೆ.
ಒಂಬತ್ತನೆಯ ಇನಿಂಗ್ಸಿನ ಹೊತ್ತಿಗೆ
ಉಳಿಯುವುದು ಎರಡೇ ಕಣ್ಣು.

ಸೊನ್ನೆಗಳು ರೊಟ್ಟಿಯ ಹಾಗೆ ಒಟ್ಟಿವೆ.
ಎರಡು, ಮೂರು ಬೇಕಾದಷ್ಟು.
ಒಂದುಗಳು ಮಾತ್ರ ನಾಲ್ಕೇ.
ಐದನೆಯದನ್ನು ಹೋದ ವರ್ಷ ಕದ್ದವನು ಯಾರೆಂದು ಬಲ್ಲೆ,
ನಾನು ಓಡಿಸುತ್ತಿದ್ದ ಶಾಲೆ ಬಸ್ಸಿನಲ್ಲಿ
ಹಿಂದಿನ ಸೀಟು ಬಿಟ್ಟುಕೊಡದವನು.

ಆ ರಾತ್ರಿ ಯಾರೂ ಓಡಲಿಲ್ಲ ಅನ್ನಬೇಕು.
ಓಡಿದವರು ನಡುದಾರಿಯಲ್ಲೇ ಔಟಾದರು,
ಚೆಂಡು ಬೇಲಿ ದಾಟಿದರೆ ಮಾತ್ರ ಲೆಕ್ಕ.
ಬೆಟ್ಟದ ನೆತ್ತಿಯ ಊರು ನಮ್ಮದು, ನೀರುಮಜ್ಜಿಗೆಯಂಥ ಗಾಳಿ,
ಹಾರಿದ್ದನ್ನು ಹಿಡಿದು ನಿಲ್ಲಿಸುವ ಕಸುವಿಲ್ಲ ಅದಕ್ಕೆ.

ಮೂರರಲ್ಲಿ ನಮ್ಮ ಕೆಲ್ಲಮ್ ಹೊಡೆದ. ಒಂದು.
ನಾಲ್ಕರಲ್ಲಿ ಹೆಲೆನಾದವರು. ಒಂದು.
ಆರರಲ್ಲಿ ಮತ್ತೆ ಕೆಲ್ಲಮ್, ಆಚೆ ನಿಲ್ಲಿಸಿದ್ದ ಕಾರೊಂದು
ಬಹಳ ಹೊತ್ತು ಅರಚಿಕೊಂಡಿತು. ಒಂದು.
ಎಂಟರಲ್ಲಿ ಅವರ ದಪ್ಪನೆಯ ಕ್ಯಾಚರ್,
ಗಾಳಿಯೇ ಎತ್ತಿ ಬೇಲಿಯಾಚೆ ಇಟ್ಟ ಹಾಗೆ. ಒಂದು.
ಡಬ್ಬಿ ಖಾಲಿ.

ಒಂಬತ್ತಕ್ಕೆ ಎಸೆಯಲು ತದೇಯೊ ಬಂದ. ಮೂವತ್ತಾರು ವಯಸ್ಸು,
ಮೊಣಕೈಯಲ್ಲಿ ಎರಡು ಹೊಲಿಗೆಯ ಗೆರೆ,
ಪ್ರತಿ ಎಸೆತಕ್ಕೆ ಮುಂಚೆ ಬೂಟಿನ ಮಣ್ಣು ಕೊಡವುವವನು.
ಇಬ್ಬರನ್ನು ಕೆಡವಿದ.
ಮೂರನೆಯವನು ಪ್ರೂಯಿಟ್, ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ.
ಎರಡು ಸ್ಟ್ರೈಕ್.
ನಾನಾಗಲೇ ಸೊನ್ನೆಯನ್ನು ಕೈಗೆತ್ತಿಕೊಂಡಿದ್ದೆ.

ನಮ್ಮೆಡೆಗೇ ಬರುವ ಚೆಂಡು ಬರುತ್ತಿದೆ ಅನ್ನಿಸುವುದಿಲ್ಲ,
ನಿಂತಲ್ಲೇ ದೊಡ್ಡದಾಗುತ್ತಿದೆ ಅನ್ನಿಸುತ್ತದೆ.
ಕಿಂಡಿ ಕತ್ತಲಾಯಿತು, ಮತ್ತೆ ಬೆಳಕಾಯಿತು,
ಮೊಳೆಯಲ್ಲಿ ಕೋಟು ಅಲ್ಲಾಡಿತು
ಯಾರೋ ಅವಸರದಲ್ಲಿ ತೋಳು ತೂರಿಸಿದ ಹಾಗೆ.
ಕಣಜಗಳೂ ಏಳಲಿಲ್ಲ.

ಹೊರಗೆ ನಾಲ್ಕು ಸಾವಿರ ಜನ ಚೆಂಡು ಎಲ್ಲಿ ಎಂದು
ಸ್ಕೋರ್‌ಬೋರ್ಡು ನೋಡುತ್ತಿದ್ದರು, ಅಂದರೆ ನನ್ನನ್ನು.
ಅಂಪೈರ್ ಬೆರಳೆತ್ತಿ ಗಾಳಿಯಲ್ಲಿ ಸುತ್ತು ತಿರುಗಿಸಿದ.
ಪ್ರೂಯಿಟ್ ನಿಧಾನಕ್ಕೆ ಬಳಸಿಕೊಂಡು
ಹೊರಟ ತಟ್ಟೆಗೇ ಬಂದು ಕಾಲೂರಿದ.

ಸೊನ್ನೆಯನ್ನು ಮಗುಚಿ, ಬೆನ್ನಿಗೆ ಬಿಳಿ ಟೇಪು
ಉದ್ದಕ್ಕೆ ಎಳೆದೆ. ತುಸು ಸೊಟ್ಟ.
ಚೆಂಡು ನುಗ್ಗಿದ ಕಿಂಡಿಗೇ ಸಿಕ್ಕಿಸಿದೆ,
ಹುಟ್ಟಿದ ಊರಿನ ವಿರುದ್ಧ, ನನ್ನದೇ ಕೈಬರಹದಲ್ಲಿ.
ಆಗ ಛೀ ಎಂದು ಕೂಗಿದರು,
ತದೇಯೊಗೋ ನನಗೋ.

ಆಮೇಲೆ ನಮ್ಮವರು ಮೂವರು ಬಂದು
ಬೀಸಿ ಬೀಸಿ ಬರೀ ಗಾಳಿಗೆ ಹೊಡೆದು ಹೋದರು.
ಅವರಿಗೆ ಮೂರು, ನಮಗೆ ಎರಡು.
ಕೊನೆಯ ಕಣ್ಣಿಗೆ ಸೊನ್ನೆ.

ದೀಪ ಆರಿಸಿ, ಬೆಟ್ಟದ ಮೇಲೆ ಹಳೆಯ ಗಣಿಯ ಗೋಪುರಗಳಷ್ಟೇ
ಕೆಂಪಗೆ ಉಳಿದಾಗ ಏಣಿ ಕಿರುಗುಟ್ಟಿತು.
ತದೇಯೊ. ಬೂಟು ಬಿಚ್ಚಿಟ್ಟು
ಬರೀ ಸಾಕ್ಸಿನಲ್ಲಿ ಬಯಲು ದಾಟಿ ಬಂದಿದ್ದ.
ಚೆಂಡು ಕೇಳಲು ಬಂದನೆಂದು ಜೇಬಿನಿಂದ ತೆಗೆದೆ.
ಅವನು ಅದರ ಕಡೆ ನೋಡಲಿಲ್ಲ.
‘ತಗಡಿಗೆ ಬಡಿದ ಸದ್ದು ಕೇಳಿಸಲಿಲ್ಲ,’ ಅಂದ,
‘ಆಗಿನಿಂದ ಅದನ್ನೇ ಕಾಯುತ್ತಿದ್ದೇನೆ.’

ಕೋಟು ತೋರಿಸಿದೆ. ತೋಳಿನ ಬಳಿ ಹುಲ್ಲಿನ ಕಲೆ.
ಅದರ ಮೇಲೆ ಬೆರಳಾಡಿಸಿದ, ತಲೆಯಾಡಿಸಿದ,
ಗೋಡೆಯ ತಗಡಿಗೆ ಗೆಣ್ಣಿನಿಂದ
ಗಟ್ಟಿಯಾಗಿ ಒಮ್ಮೆ ಬಡಿದ.

ಕಣಜಗಳು ಎದ್ದವು.

ಓಡಿದೆವು. ಸಾಕ್ಸಿನವನು ಮುಂದೆ,
ಅರವತ್ತೊಂದರ ನಾನು ಏದುತ್ತ ಹಿಂದೆ,
ಎರಡನೆಯ ಬೇಸ್ ದಾಟುವವರೆಗೂ ತಿರುಗಿ ನೋಡದೆ.