ಭುಜದ ಮೇಲಿನ ಕೈ

ಸೋಮವಾರ ಶೆಟರ್ ಅರ್ಧ ಎತ್ತಿದ್ದೆನಷ್ಟೆ,
ಮೂವರು ಹುಡುಗರು ಬಗ್ಗಿ ಒಳಗೆ ನುಗ್ಗಿದರು.
ಒಬ್ಬನ ಹೆಗಲ ಮೇಲೆ ಮೂಟೆ, ಮೂಟೆ ತುಂಬ ಟೀ ಶರ್ಟು.
ನಾನೇ ಹೊಡೆದುಕೊಟ್ಟದ್ದು, ಕಬ್ಬನ್‌ಪೇಟೆಯ ಈ ಮೇಜಿನ ಮೇಲೆಯೇ,
ಕಪ್ಪು ಬಟ್ಟೆ, ಬಿಳಿ ಹಳದಿ ಎರಡೇ ಬಣ್ಣ,
ಎದೆಮಟ್ಟ ನಿಂತ ಐದು ಹುಡುಗರು,
ಕೆಳಗೆ ಓರೆ ಅಕ್ಷರದಲ್ಲಿ: ಐದನೇ ಕ್ರಾಸ್.

"ಅಣ್ಣಾ, ಒಂದು ತಲೆ ತೆಗೀಬೇಕು."

ಯಾವುದು ಅಂತ ಕೇಳಬೇಕಿರಲಿಲ್ಲ.
ಶ್ರೀರಾಮಪುರದ ಮೆಟ್ರೋ ಕಂಬದಲ್ಲಿ ಭಾನುವಾರವೇ ಕಂಡಿದ್ದೆ,
ದೊರೆಯ ಕಣ್ಣಿಗೆ ಡಾಂಬರು, ಬಾಯಿಗೆ ಸಗಣಿ.
ಶುಕ್ರವಾರ ರಾತ್ರಿ ಒಂದೇ ಸಾಲು ಹೇಳಿ ಹೋಗಿದ್ದನಂತೆ:
ಇನ್ನು ನಾನು ಹಾಡಲ್ಲ, ಮಿಕ್ಕವರನ್ನ ನೋಡ್ಕೊಳ್ಳಿ.
ಕಾರಣ ಹೇಳದವನಿಗೆ ಊರೇ ಅಳತೆ ತೆಗೆದು ಕಾರಣ ಹೊಲಿಯಿತು.
ಮುಂಬೈಯವರ ದುಡ್ಡು, ಅಂದಿತು ಟೀ ಅಂಗಡಿ.
ಹುಡುಗಿ, ಅಂದಿತು ಸಲೂನು.
ಹೊಟ್ಟೆ ತುಂಬಿದೆ ಅಷ್ಟೆ, ಅಂದ ಪಕ್ಕದ ಬೈಂಡಿಂಗ್ ರಹಮತ್ತು.

ಬಟ್ಟೆಗಿಳಿದ ಇಂಕು ಹೋಗಲ್ಲ ಕಣ್ರೋ, ಅಂದೆ.
ಮೇಲೆ ಕಪ್ಪು ಹೊಡೀಬಹುದು, ಆದರೆ ಒಗೆದಂತೆಲ್ಲ
ಆ ಕಪ್ಪೇ ಬೇರೆಯಾಗಿ ಹೊಳೆಯುತ್ತೆ.
"ಹೊಳೀಲಿ. ಅವನು ಕಾಣಬಾರದು."
ಹೀಗಂದವನ ಮುಂಗೈಯಲ್ಲಿ ಐದು ಗೀಟಿನ ಹಚ್ಚೆ,
ಕೊನೆಯ ಗೀಟಿನ ಮೇಲೆ ಬ್ಯಾಂಡೇಡು.

ಇವನೇ ಅಲ್ಲವೆ, ಹೋದ ಗಣೇಶನ ಹಬ್ಬಕ್ಕೆ
ಪೆಂಡಾಲಿನ ಕಂಬ ಹತ್ತಿ ದೊರೇ ದೊರೇ ಎಂದು ಕೂಗಿ
ಮೂರು ದಿನ ದನಿ ಕಳಕೊಂಡು
ನನಗೆ ಕೈಸನ್ನೆಯಲ್ಲಿ ಸೈಜು ಹೇಳಿದವನು?

ಇನ್ನೂರು ಶರ್ಟು. ಮುಂಗಡ ಇಟ್ಟರು.
ಎರಡು ತಿಂಗಳ ಬಾಡಿಗೆ ಬಾಕಿಯಿತ್ತು. ಒಪ್ಪಿಕೊಂಡೆ.

ಮೊಟ್ಟಮೊದಲು ಹನ್ನೆರಡೇ ಹನ್ನೆರಡು ಶರ್ಟಿಗೆ
ಚೌಕಾಸಿಗೆ ಬಂದವನು ದೊರೆಯೇ. ಚೌಕಾಸಿ ಬರುತ್ತಿರಲಿಲ್ಲ.
ಫ್ಯಾನು ಆರಿಸ್ತೀರಾ, ಗಂಟಲಿಗೆ ಆಗಲ್ಲ, ಅಂದಿದ್ದ.
ಇದೆಲ್ಲ ಯಾಕೆ ನೆನಪಾಗಬೇಕು,
ಜಾಲರಿ ಬಿಗಿದು, ಕಪ್ಪು ಸುರಿದು, ಹಲಗೆ ಎಳೆಯುವಾಗ?
ಒಂದೊಂದು ಎಳೆತಕ್ಕೆ ಒಬ್ಬೊಬ್ಬ ದೊರೆ ಕತ್ತಲಾದ.

ನಲವತ್ತು ಮುಗಿಸಿ ತಂತಿಗೆ ಹಾಕುವಾಗ ಕಂಡಿತು:
ಪಕ್ಕದವನ ಭುಜದ ಮೇಲೆ ನಾಲ್ಕು ಬೆರಳು.
ಫೋಟೋ ತೆಗೆದ ದಿನ ಇಟ್ಟದ್ದು, ಹಾಗೇ ಇದೆ.
ತೋಳಿಲ್ಲ, ಮೈಯಿಲ್ಲ, ಕೈ ಮಾತ್ರ ತೆಗೆದಿಲ್ಲ.

ಇನ್ನೊಂದು ಸ್ಕ್ರೀನು ಮಾಡಬಹುದಿತ್ತು.
ಮಾಡಲಿಲ್ಲ. ಸೋಮಾರಿತನ ಅನ್ನಿ.

ಮೂರು ಗಂಟೆಗೆ ಒಬ್ಬಾಕೆ ಬಂದಳು,
ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದ ಬಟ್ಟೆ.
ಶ್ರೀರಾಮಪುರದಲ್ಲಿ ಇಸ್ತ್ರಿ ಗಾಡಿ. ಹೆಸರು ಪಳನಿಯಮ್ಮ.
"ರಾತ್ರಿ ಯಾರೋ ಗ್ರೀಸು ಸುರಿದವ್ರೆ.
ನಮ್ಮವಾಗಿದ್ರೆ ಬಿಸಾಕ್ತಿದ್ದೆ ಸಾಮಿ, ಇವು ಮಂದೀವು.
ಕಲೆ ತೆಗೆಯೋರು ನೀವೇ ಅಂದ್ರು."
ಮಗನ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ತಂತಿಯ ಕಡೆ ತಿರುಗಿದಳು.
ಹಸಿ ಕಪ್ಪನ್ನು ನೋಡಿದಳು. ಆಮೇಲೆ ಬೆರಳನ್ನು.
"ಉಗುರು ಕಚ್ಚೋದು ಬಿಡು ಅಂತ ಎಷ್ಟು ಬಡ್ಕೊಂಡೆ," ಅಂದಳು,
ಯಾರಿಗೋ.

ಥಿನ್ನರ್, ಸೀಮೆಎಣ್ಣೆ, ಹಲ್ಲುಜ್ಜುವ ಹಳೇ ಬ್ರಷ್ಷು.
ಏಳರ ತನಕ ಇಬ್ಬರೂ ತಿಕ್ಕಿದೆವು.
ಹದಿಮೂರರಲ್ಲಿ ಹನ್ನೊಂದು ಬಿಟ್ಟವು.
ಒಂದು ಸ್ಕೂಲಿನ ನೀಲಿ ಶರ್ಟು,
ಒಂದು ಪೊಲೀಸ್ ಪ್ಯಾಂಟು, ಜಪ್ಪಯ್ಯ ಅನ್ನಲಿಲ್ಲ.
ದುಡ್ಡೆಷ್ಟು, ಅಂದಳು. ನಾಳೆ, ಅಂದೆ.

ಎಂಟಕ್ಕೆ ಹುಡುಗರು ಬಂದು ಎಣಿಸಿ ಮೂಟೆ ಕಟ್ಟಿದರು.
ಬೆರಳು ಯಾರೂ ನೋಡಲಿಲ್ಲ. ಅಥವಾ
ಆ ಹಚ್ಚೆಯವನು ನೋಡಿದನೋ ಏನೋ,
ಮೇಜಿನ ಮೇಲಿದ್ದ ಕೊನೆಯದನ್ನು ಮೂಟೆಗೆ ಹಾಕದೆ
ತೊಟ್ಟಿದ್ದರ ಮೇಲೇ ತೊಟ್ಟು ಹೊರಟ.
ಇಂಕು ಆರಿಲ್ಲ ಕಣೋ, ಕೂಗಿದೆ.
ಗಲ್ಲಿಯ ಕೊನೆಯಲ್ಲಿ ಗಾಡಿ ಸ್ಟಾರ್ಟ್ ಆದ ಸದ್ದು.